ಹನ್ನೊಂದು ತೂತುಗಳ ಕಾವಲು

ಬೆಳಗಿನ ಐದೂಮುಕ್ಕಾಲು. ರಾತ್ರಿ ಬಿದ್ದ ಮಳೆಗೆ ಬೀದರದ ಈ ಉದ್ಯಾನದ ಕೆಂಪು ಮಣ್ಣು ಚಪ್ಪಲಿಗೆ ಮೆತ್ತಿಕೊಳ್ಳುತ್ತಿದೆ. ಕಾವಲುಗಾರ ಕಲೀಮ ಗೇಟಿನ ಬೀಗ ತೆಗೆಯುತ್ತಾ, ಹೊರಗೆ ಮೊಪೆಡ್ ನಿಲ್ಲಿಸುತ್ತಿರುವ ಹಿರಿಯರನ್ನು ನೋಡಿ, "ಬರ್ರಿ ಡಾಕ್ಟರ್ ಸಾಬ್, ಪೇಶಂಟ್ ಕಾಯ್ಲತ್ತದ" ಅನ್ನುತ್ತಾನೆ.

"ಪೇಶಂಟ್ ರಾತ್ರಿ ಎಷ್ಟು ಕುಡದದ ನೋಡ್ತೇನಿ, ತಡಿ" ಅನ್ನುತ್ತಾ ನರಸಿಂಗ ಕಾಂಬಳೆ ಅವರು ಒಳಗೆ ಬರುತ್ತಾರೆ. ಬಗಲಲ್ಲಿ ಮಡಚಿದ ಗೋಣಿಚೀಲ. ಅಂಗಿಯ ಜೇಬಿನಲ್ಲಿ, ಬೇರೆಯವರು ಪೆನ್ನು ಸಿಕ್ಕಿಸಿಕೊಳ್ಳುವ ಕಡೆ, ತುದಿ ಬಾಗಿಸಿದ ಒಂದು ಸೈಕಲ್ ಕಡ್ಡಿ.

ಪೇಶಂಟ್ ಅಂದರೆ ಉದ್ಯಾನದ ನಡುವೆ ಸಿಮೆಂಟ್ ಕಟ್ಟೆಯ ಮೇಲೆ ನಿಂತಿರುವ ಹಳೆಯ ಜೆಟ್ ವಿಮಾನ. ನರಸಿಂಗ ಅವರು ಗೋಣಿಚೀಲ ಹಾಸಿ, ಅಂಗಾತ ಮಲಗಿ, ಮೊಣಕೈ ಊರಿ ಅದರ ಹೊಟ್ಟೆಯ ಕೆಳಗೆ ಜರುಗುತ್ತಾರೆ. ಮುಂದಿನ ಗಾಲಿಯ ಹಿಂದೆ ಪೆನ್ಸಿಲ್ ದಪ್ಪದ ಒಂದು ತೂತಿದೆ. ಕಡ್ಡಿ ತೂರಿಸಿ ಎರಡು ಸುತ್ತು ತಿರುವುತ್ತಾರೆ. ಮೊದಲು ಕೊಳೆತ ಎಲೆಯ ಕಪ್ಪು ಬರುತ್ತದೆ, ಆಮೇಲೆ ನೀರು. ನೀರು ಮಣಿಕಟ್ಟಿನ ಮೇಲಿಂದ ಹರಿದು ತೋಳಿನೊಳಗೆ ಹೋಗುತ್ತದೆ. "ಒಂದು" ಅನ್ನುತ್ತಾರೆ. ಮತ್ತೆ ಜರುಗುತ್ತಾರೆ. ಎಡರೆಕ್ಕೆಯ ಕೆಳಗೆ ಮೂರು, ಬಲರೆಕ್ಕೆಯ ಕೆಳಗೆ ಮೂರು, ಹೊಟ್ಟೆಯ ಉದ್ದಕ್ಕೂ ಇನ್ನು ಮೂರು, ಕಡೆಯದು ಬಾಲದ ಕೆಳಗೆ. ಒಟ್ಟು ಹನ್ನೊಂದು. ಮುಗಿಯುವ ಹೊತ್ತಿಗೆ ಬೆಳಕು ಹರಿದಿದೆ, ಅವರ ಅಂಗಿ ಎದೆಯವರೆಗೆ ತೊಯ್ದಿದೆ.

ಬೆಳಕಿನಲ್ಲಿ ವಿಮಾನ ಪೂರ್ತಿ ಕಾಣುತ್ತದೆ. ಮೈತುಂಬ ಕಾಡಿನ ಹಸಿರು, ಕಂದು ಬಣ್ಣದ ತೇಪೆಗಳು. ಮೂಗಿನ ಮೇಲೆ ಬಾಯಿ ತೆರೆದ ಶಾರ್ಕ್ ಮೀನಿನ ಹಲ್ಲು, ಎಣಿಸಿದರೆ ಹದಿನೆಂಟು. ರೆಕ್ಕೆಯ ಮೇಲಿನ ಮೂರು ಬಣ್ಣದ ಚಕ್ರದಲ್ಲಿ ಹಸಿರು ಹೊರಗೆ, ಕೇಸರಿ ಒಳಗೆ. ಎಲ್ಲ ಹೊಸದು, ಎಲ್ಲ ಹೊಳೆಯುತ್ತದೆ. ಕಟ್ಟೆಯ ಮುಂದೆ ಗ್ರಾನೈಟಿನ ಫಲಕ. ಅದರ ಕೊನೆಯ ಸಾಲು ಹೀಗಿದೆ: "ಮೂಲ ಬಣ್ಣಗಳ ಸಲಹೆ: ಶ್ರೀ ನರಸಿಂಗ ಕಾಂಬಳೆ, ಜನವಾಡ."

ಈ ವಿಮಾನದ ಮೂಲ ಬಣ್ಣ ಇದಲ್ಲ. ಅದರ ಹತ್ತಿರದ ಬಣ್ಣವೂ ಇದಲ್ಲ. ಅದು ಬೀದರ ಜಿಲ್ಲೆಯಲ್ಲಿ ಯಾರಿಗಾದರೂ ಚೆನ್ನಾಗಿ ಗೊತ್ತಿದ್ದರೆ ಅದು ಇದೇ ನರಸಿಂಗ ಕಾಂಬಳೆ ಅವರಿಗೆ.

"ಮ್ಯಾಲ ನೋಡಬ್ಯಾಡ್ರಿ" ಅನ್ನುತ್ತಾರೆ ಅವರು, ಗೋಣಿಚೀಲ ಝಾಡಿಸುತ್ತಾ. "ಕೆಳಗ ನೋಡ್ರಿ. ಕೆಳಗ ಎಲ್ಲಾ ಬರೋಬ್ಬರಿ ಅದ."

ನರಸಿಂಗ ಅವರಿಗೆ ಈಗ ಅರವತ್ತೊಂದು ವರ್ಷ. ತಂದೆ ಧೋಂಡಿಬಾ ಜನವಾಡದಿಂದ ದಿನಾ ಬೀದರಕ್ಕೆ ಹೋಗಿ ಗಾಂಧಿ ಗಂಜದಲ್ಲಿ ಹಮಾಲಿ ಮಾಡುತ್ತಿದ್ದರು. ಶಾಲೆಗೆ ರಜೆ ಇದ್ದಾಗ ಮಗನೂ ಜೊತೆಗೆ. ತೊಗರಿ ಚೀಲ ತುಂಬಿದ ಲಾರಿಯ ನೆತ್ತಿಯ ಮೇಲೆ ಅಂಗಾತ ಮಲಗಿಕೊಂಡು ಬರುವುದು, ಹೋಗುವುದು. ಊರ ಹೊರಗಿನ ವಾಯುಪಡೆಯ ನೆಲೆಯಿಂದ ಎದ್ದ ತರಬೇತಿ ವಿಮಾನಗಳು ಆ ದಾರಿಯ ಮೇಲೆಯೇ ತಿರುಗುತ್ತಿದ್ದವು.

"ದೊಡ್ಡ ಮಂದಿ ಜಹಾಜದ ಮಾರಿ ನೋಡಿರ್ತಾರ. ನಮಗ ಕಾಣ್ತಿದ್ದದ್ದು ಹೊಟ್ಟಿ" ಅನ್ನುತ್ತಾರೆ. "ಹೊಟ್ಟಿ ನೋಡೇ ಗುರ್ತು ಹಿಡೀತಿದ್ದೆ. ಇದು ನಿನ್ನಿಂದು, ಇದು ಹೊಸಾದು, ಇದರ ರೆಕ್ಕಿ ತುದಿಗಿ ಬಣ್ಣ ಮತ್ತ ಹಚ್ಯಾರ, ಅಂತ. ಅಪ್ಪ ಅಂತಿದ್ದ, ಎತ್ತಿನ ಹಲ್ಲು ಎಣಿಸೂ ವಯಸ್ಸಿನಾಗ ಇದು ಏನು ಎಣಸ್ಲತ್ತದ ಅಂತ."

ಏಳನೆಯ ಇಯತ್ತೆಗೆ ಶಾಲೆ ಮುಗಿಯಿತು. ಗಂಜದ ಹಿಂದಿನ ಓಣಿಯಲ್ಲಿ ಲಾರಿಗಳಿಗೆ ಬಣ್ಣ ಬಳಿಯುವ ಉಸ್ತಾದರೊಬ್ಬರ ಕೈಕೆಳಗೆ ಸೇರಿದರು. ಬಣ್ಣ ಹಚ್ಚುವ ಮುಂಚೆ ಲಾರಿಯ ಮೈಯಲ್ಲಿರುವ ಪ್ರತಿ ಗುಳಿ, ಪ್ರತಿ ಮೊಳೆಯ ಗುರುತು, ಪ್ರತಿ ತೂತನ್ನು ಲಪ್ಪಂ ಹಾಕಿ ತುಂಬಬೇಕು. ಲಪ್ಪಂ ಅಂದರೆ ಹಿಟ್ಟಿನಂತೆ ಕಲಸಿದ ಪುಟ್ಟಿ. ಅದು ಒಣಗಿದ ಮೇಲೆ ನೀರು ಹಾಕಿ ತಿಕ್ಕಬೇಕು. ಉಸ್ತಾದರು ಬಂದು ಕಣ್ಣು ಮುಚ್ಚಿಕೊಂಡು ಲಾರಿಯ ಮೈಮೇಲೆ ಅಂಗೈ ಆಡಿಸುತ್ತಿದ್ದರು. ಅಂಗೈ ಎಲ್ಲಿ ತಡೆಯಿತೋ ಅಲ್ಲಿ ಮತ್ತೆ ಮೊದಲಿಂದ ಕೆಲಸ. ಒಮ್ಮೊಮ್ಮೆ ಅದೇ ಅಂಗೈ ಹುಡುಗರ ಬೆನ್ನ ಮೇಲೂ ಬೀಳುತ್ತಿತ್ತು.

"ಕಣ್ಣು ಮೋಸ ಮಾಡ್ತದ, ಅಂಗೈ ಮಾಡಂಗಿಲ್ಲ ಅಂತಿದ್ದರು. ಆರು ವರ್ಷಕ್ಕ ನನ್ನ ಕೆಲಸದ ಮ್ಯಾಲ ಅವರ ಅಂಗೈ ತಡಿಯೂದು ನಿಂತಿತು. ಗಂಜದಾಗ ನರಸಿಂಗ ಮಾಡಿದ ಲಾರಿ ಅಂದ್ರ ಮಾರಿ ನೋಡ್ಕೊಂಡು ತಲಿ ಬಾಚ್ಕೋಬೇಕು, ಹಾಂಗ."

ಈ ಕೈಚಳಕವೇ ಮುಂದೆ ಒಂದು ವಿಮಾನವನ್ನು ತಿಂದಿತು.

ಅದು ತೊಂಬತ್ತೊಂಬತ್ತನೆಯ ಇಸವಿ. ಔರಾದದ ಒಂದು ಶಾಲೆಯ ಮೈದಾನದಲ್ಲಿ, ಸೇವೆ ಮುಗಿಸಿದ ತರಬೇತಿ ವಿಮಾನವೊಂದನ್ನು ಮಕ್ಕಳು ನೋಡಲೆಂದು ನಿಲ್ಲಿಸಿದ್ದರು. ಈಗ ಬೀದರದ ಉದ್ಯಾನದಲ್ಲಿರುವುದೂ ಅದೇ ಜಾತಿಯದು: ಇಬ್ಬರು ಪಕ್ಕಪಕ್ಕ ಕೂರುವ, ಕಲಿಯುವವನೂ ಕಲಿಸುವವನೂ ಒಟ್ಟಿಗೆ ಹಾರುವ ಕಿರಣ್ ವಿಮಾನ. ಔರಾದದ್ದರ ಬಣ್ಣ ಬಿಸಿಲಿಗೆ ಹೋಗಿತ್ತು. ಶಾಲೆಯವರು ಒಳ್ಳೆಯ ಪೇಂಟರನ್ನು ಹುಡುಕಿಕೊಂಡು ಗಂಜಕ್ಕೆ ಬಂದರು. ಎಲ್ಲರೂ ಒಂದೇ ಹೆಸರು ಹೇಳಿದರು.

ನರಸಿಂಗ ಅವರು ಆ ಕೆಲಸ ನಡೆದ ಹತ್ತೊಂಬತ್ತು ದಿನಗಳನ್ನು ಈಗಲೂ ದಿನದಿನವಾಗಿ ಹೇಳುತ್ತಾರೆ. ಹುಟ್ಟಿದಾಗಿನಿಂದ ಕೆಳಗಿನಿಂದ ನೋಡಿದ್ದನ್ನು ಮೊದಲ ಸಲ ಕೈಯಿಂದ ಮುಟ್ಟಿದ್ದರು. ಹಳೆಯ ಬಣ್ಣವನ್ನು ಒಂದು ಗೇಣಿನಷ್ಟು ಜಾಗದಲ್ಲಿ ಪದರ ಪದರವಾಗಿ ತಿಕ್ಕಿ, ತಳದಲ್ಲಿ ಯಾವುದಿತ್ತು, ಅದರ ಮೇಲೆ ಯಾವುದು ಬಂತು ಎಂದು ನೋಡಿಕೊಂಡರು. ಮೈ ಬಿಳಿ. ಮೂಗು, ರೆಕ್ಕೆಯ ತುದಿ, ಬಾಲದ ಮೇಲೆ ದೂರಕ್ಕೆ ಕಾಣುವ ಕಿತ್ತಳೆಗೆಂಪು. ಚಕ್ರದಲ್ಲಿ ಹೊರಗೆ ಕೇಸರಿ, ನಡುವೆ ಬಿಳಿ, ಒಳಗೆ ಹಸಿರು. ಪೈಲಟ್ ಕೂರುವ ಗಾಜಿನ ಮುಂದೆ, ಮೂಗಿನ ಮೇಲ್ಭಾಗಕ್ಕೆ ಹೊಳಪಿಲ್ಲದ ಕಪ್ಪು.

"ಆ ಕರಿ ಬಣ್ಣ ಯಾಕ ಹೊಳೀಬಾರದು ಗೊತ್ತೇನ್ರಿ? ಹೊಳದ್ರ ಬಿಸಲು ಅದರ ಮ್ಯಾಲ ಬಿದ್ದು ಪೈಲೆಟ್ ಕಣ್ಣಿಗಿ ಹೊಡೀತದ. ನಾ ಅದರಾಗ ಸೀಮೆಸುಣ್ಣ ಅರದು ಕಲಸಿದೆ. ಹೊಳಪು ಸತ್ತು ಹಂಚಿನಂಗ ಆಯ್ತು. ಹಾರದ ಜಹಾಜಕ್ಕ ಇದು ಯಾಕ ಅಂತ ಶಾಲಿ ಮಂದಿ ನಕ್ಕರು. ನಗಲಿ. ಬಣ್ಣಕ್ಕ ಒಂದೊಂದು ಕೆಲಸ ಇರ್ತದ. ಜಹಾಜ ನಿಂತರೂ ಬಣ್ಣ ಅದರ ಕೆಲಸ ಮಾಡಬೇಕು."

ಬಣ್ಣ ಹಚ್ಚುವ ಮುಂಚೆ ಹೊಟ್ಟೆಯ ಕೆಳಗೆ ಹೋದಾಗ ಹನ್ನೊಂದು ತೂತುಗಳು ಕಂಡವು. ರಿವೆಟ್ ಉದುರಿ ಆಗಿರಬೇಕು ಅಂದುಕೊಂಡರು. ಒಂದೊಂದಕ್ಕೂ ಮೂರು ಸಲ ಲಪ್ಪಂ ತುಂಬಿ, ಒಣಗಿಸಿ, ತಿಕ್ಕಿ, ಕಣ್ಣು ಮುಚ್ಚಿ ಅಂಗೈ ಆಡಿಸಿದರು. ಎಲ್ಲೂ ತಡೆಯಲಿಲ್ಲ.

"ಜಿಂದಗಿಯಾಗ ಅಷ್ಟು ಸಾಫ್ ಕೆಲಸ ನಾ ಮತ್ತ ಮಾಡಿಲ್ರಿ."

ನಿಂತ ವಿಮಾನದೊಳಗೆ ಮಳೆಯ ನೀರು ಸಾವಿರ ದಾರಿಯಿಂದ ಇಳಿಯುತ್ತದೆ. ಗಾಜಿನ ಅಂಚಿನಿಂದ, ಬಾಗಿಲ ಸಂದಿನಿಂದ, ತಗಡಿನ ಜೋಡಣೆಯಿಂದ. ಇಳಿದ ನೀರು ಹೊರಗೆ ಹೋಗಲೆಂದೇ ಕಟ್ಟಿದವರು ಹೊಟ್ಟೆಯ ಕೆಳಗೆ ತೂತು ಕೊಟ್ಟಿರುತ್ತಾರೆ. ಇದು ನರಸಿಂಗ ಅವರಿಗೆ ಗೊತ್ತಿರಲಿಲ್ಲ. ಯಾರೂ ಹೇಳಲಿಲ್ಲ, ಅವರೂ ಕೇಳಲಿಲ್ಲ. ತೂತು ಕಂಡರೆ ಮುಚ್ಚಬೇಕು ಅನ್ನುವುದು ಲಾರಿ ಪೇಂಟರನಿಗೆ ಕೇಳಿ ತಿಳಿಯಬೇಕಾದ ಮಾತೇ ಅಲ್ಲ.

ಒಂಬತ್ತು ಮಳೆಗಾಲ ಕಳೆದವು. ಮೇಲೆ ಬಣ್ಣ ಹೊಳೆಯುತ್ತಲೇ ಇತ್ತು. ಮೊದಲು ಬಾಲ ಒಂದು ಕಡೆ ವಾಲಿತು, ಆಮೇಲೆ ಒಂದು ದಿನ ಕುರ್ಚಿಗಳ ಕೆಳಗಿನ ತಗಡು ಕಳಚಿ ಜೋತುಬಿತ್ತು. ಮಕ್ಕಳು ಏರಿ ಕುಣಿದು ಹಾಳುಮಾಡಿದರು ಅಂದರು ಕೆಲವರು. ಅಪಾಯ ಅಂತ ಹೇಳಿ ಅದನ್ನು ಗುಜರಿಗೆ ಹಾಕಿದರು. ಗುಜರಿ ಅಂಗಡಿಯ ಮುಜೀಬೋದ್ದೀನ ನರಸಿಂಗ ಅವರ ಹಳೆಯ ಗೆಳೆಯ. ನೀನು ಬಣ್ಣ ಬಳಿದ ಜಹಾಜ ಬಂದದ, ಕಡೇ ಸಲ ನೋಡೂದಿದ್ದರ ಬಾ ಎಂದು ಹೇಳಿಕಳಿಸಿದರು.

ಗಂಜದ ಹಿಂದಿನ ಆ ಶೆಡ್ಡು ಇವತ್ತಿಗೂ ಇದೆ. ಮುಜೀಬೋದ್ದೀನ ಅದರ ಮುಂದೆ ಕುರ್ಚಿ ಹಾಕಿಕೊಂಡು, ಅವತ್ತು ಆದದ್ದನ್ನು ಕೈ ಬೀಸಿ ಹೇಳುತ್ತಾರೆ.

"ಗ್ಯಾಸ್ ಕಟರ್ ಹಚ್ಚಿ ಹೊಟ್ಟಿ ಸೀಳಿದ್ನೋ ಇಲ್ಲೋ, ಭಸ್ ಅಂತ ನೀರು ಬಂತು ನೋಡ್ರಿ. ಕರೀ ನೀರು, ಸತ್ತ ಇಲಿ ವಾಸ್ನಿ. ಬೆಂಕಿ ಆರಿ ಹೋಯ್ತು, ನಾ ಹಿಂದ ಜಿಗದೆ. ನರಸಿಂಗ ಭಾಯ್, ಇದು ಜಹಾಜ ಅಲ್ಲೋ, ನೀರಿನ ಟಾಕಿ ಅಂದೆ. ಯಾವ ಬೇವಕೂಫ ಇದರ ತೂತು ಮುಚ್ಚ್ಯಾನ ಅಂದೆ. ಇವ ಗೋಡಿಗಿ ಆನಿಸಿ ನಿಂತಿದ್ದ. ಬಿಸಲಿಗಿ ತಲಿ ತಿರಗ್ತೇನೋ ಅಂತ ನಾನೇ ಚಹಾ ತರಿಸಿದೆ."

ಬಣ್ಣ ಬಳಿದವರೇ ತೂತನ್ನೂ ಮುಚ್ಚಿರಬಹುದು ಎಂದು ಮುಜೀಬೋದ್ದೀನರಿಗೆ ಹೊಳೆಯಲೇ ಇಲ್ಲ. ಆ ಬೇವಕೂಫ ಯಾರು ಎಂದು ತಿಳಿದದ್ದು ಈ ವರ್ಷ, ನರಸಿಂಗ ಅವರೇ ಹೇಳಿದಾಗ.

"ಹದಿನೇಳು ವರ್ಷ ನನ್ನ ಚಹಾ ಕುಡದ. ಒಂದು ಮಾತು ಬಿಡಲಿಲ್ಲ ಬದಮಾಶ."

ಅವತ್ತು ಗೆಳೆಯ ಚಹಾ ಹೇಳಲು ಹೋದಾಗ, ನರಸಿಂಗ ಅವರು ಸೀಳಿದ ಹೊಟ್ಟೆಯ ಒಂದು ತುಣುಕನ್ನು ಎತ್ತಿಕೊಂಡು ಉಗುರಿನಿಂದ ಕೆರೆದು ನೋಡಿದರು. ಸುತ್ತಲಿನ ಲೋಹ ಬಿಳಿ ಪುಡಿಯಾಗಿ ಉದುರಿತು. ಅವರು ತುಂಬಿದ ಲಪ್ಪಂ ಮಾತ್ರ ಗಟ್ಟಿಯಾಗಿ ಕೂತಿತ್ತು.

"ಕೂದಲೆಳಿಯಷ್ಟೂ ಸಡ್ಲಾಗಿದ್ದಿಲ್ರಿ. ಕೆಲಸ ಅಷ್ಟು ಪಕ್ಕಾ."

ಶೆಡ್ಡಿನಿಂದ ಅವರು ಮನೆಗೆ ಹೋಗಲಿಲ್ಲ, ಈ ಉದ್ಯಾನಕ್ಕೆ ಬಂದರು. ಇಲ್ಲಿಯ ವಿಮಾನಕ್ಕೆ ಬಣ್ಣ ಬಳಿದವರು ಬೇರೆ ಯಾರೋ. ಹೊಟ್ಟೆಯ ಕೆಳಗೆ ಹೊಕ್ಕು ನೋಡಿದರೆ ನಾಲ್ಕು ತೂತುಗಳಿಗೆ ಲಪ್ಪಂ ತುಂಬಿತ್ತು, ಉಳಿದ ಏಳಕ್ಕೆ ಮಣ್ಣು ಕಟ್ಟಿತ್ತು. ತಮ್ಮಂಥ ಇನ್ನೊಬ್ಬ ಪೇಂಟರ್. ಬೀದಿಯ ಸೈಕಲ್ ಅಂಗಡಿಯಿಂದ ಒಂದು ಕಡ್ಡಿ ಕೇಳಿ ತಂದು ಹನ್ನೊಂದನ್ನೂ ತೆರೆದರು. ಆ ಸಂಜೆ ಸುರಿದ ನೀರು ಕಟ್ಟೆಯ ಮೇಲಿಂದ ಹರಿದು ಹುಲ್ಲಿನವರೆಗೆ ಹೋಯಿತು.

ಅಲ್ಲಿಂದ ಹದಿನೇಳು ಮಳೆಗಾಲ. ಜೂನಿನಿಂದ ಅಕ್ಟೋಬರದವರೆಗೆ ಮಳೆ ಬಿದ್ದ ಪ್ರತಿ ಬೆಳಗ್ಗೆ, ಉಳಿದ ತಿಂಗಳಲ್ಲಿ ವಾರಕ್ಕೊಮ್ಮೆ. ಜನವಾಡದಿಂದ ಹತ್ತು ಹನ್ನೆರಡು ಕಿಲೋಮೀಟರ್ ಬಂದು, ಅಷ್ಟೇ ಹೋಗಬೇಕು. ಇಲ್ಲಿಯವರೆಗೆ ಸವೆದದ್ದು ಒಂಬತ್ತು ಸೈಕಲ್ ಕಡ್ಡಿ. ಒಮ್ಮೆ ಬಣ್ಣದ ಬಕೆಟ್ ಹಿಡಿದು ಅಳೆದು ನೋಡಿದ್ದಾರೆ: ಒಂದು ರಾತ್ರಿಯ ಜೋರು ಮಳೆಗೆ ವಿಮಾನ ಹದಿನಾಲ್ಕು ಲೀಟರ್ ನೀರು ಕುಡಿಯುತ್ತದೆ. ಬಾಲದ ಕೊಳವೆಯಲ್ಲಿ ಗೊರವಂಕ ಗೂಡು ಕಟ್ಟುತ್ತದೆ. ಮರಿ ಹಾರಿದ ಮೇಲೆ ಗೂಡು ತೆಗೆಯುತ್ತಾರೆ, ಮುಂಚೆ ಅಲ್ಲ. ಎರಡು ಸಲ ಕಣಜ ಕಚ್ಚಿ ಮುಖ ಊದಿಸಿಕೊಂಡಿದ್ದಾರೆ. ಇದಕ್ಕೆ ಯಾರೂ ಅವರನ್ನು ನೇಮಿಸಿಲ್ಲ.

ಜನವಾಡದ ಮನೆಯಲ್ಲಿ ಇದರ ಮೇಲೆ ಬೇರೆಯೇ ತೀರ್ಪು ಇದೆ. ಹೆಂಡತಿ ಸುಭದ್ರಾಬಾಯಿ ಜೋಳ ಕೇರುತ್ತಾ, ಗಂಡನ ಕಡೆ ನೋಡದೆ, ಅವರಿಗೆ ಕೇಳುವ ಹಾಗೆ ಹೇಳುತ್ತಾರೆ: "ಮಳಿ ಬಂತಂದ್ರ ನಮ್ಮ ಮಾಳಿಗಿ ಸೋರ್ತದ್ರಿ. ನಾ ಇಲ್ಲಿ ಬೋಗಾಣಿ ಹಿಡ್ಕೊಂಡು ನಿಂತಿರ್ತೇನಿ. ಇವರು ಅಲ್ಲಿ ಜಹಾಜ ಸೋರಲಿ ಅಂತ ಹೋಗಿ ತೂತು ತೆಗೀತಾರ. ಇಲ್ಲೀದು ಮುಚ್ಚಲಿಕ್ಕ ಆಗಂಗಿಲ್ಲ, ಅಲ್ಲೀದು ತೆಗೀಲಿಕ್ಕ ಮಾತ್ರ ಓಡ್ತಾರ."

"ಮಾಳಿಗಿಗಿ ನಾಳಿ ಮಣ್ಣು ಹಾಕ್ತೇನಿ" ಅನ್ನುತ್ತಾರೆ ನರಸಿಂಗ.

"ನಾಳಿ ಅಂತ ಯಾವ ವರ್ಷದಿಂದ ಹೇಳ್ಲತ್ತೀರಿ ಅಂತ ಈ ಬಂದವರಿಗಿ ಹೇಳ್ರಿ."

ಅದೇ ಮಾಳಿಗೆಯ ಕೆಳಗೆ, ಬುದ್ಧನ ಪಟದ ಪಕ್ಕದಲ್ಲಿ, ಸೋರದ ಒಂದೇ ಮೂಲೆಯಲ್ಲಿ ಒಂದು ಕಬ್ಬಿಣದ ಟ್ರಂಕು ಇದೆ. ನರಸಿಂಗ ಅವರು ಅದನ್ನು ತೆರೆದು ಒಂದೊಂದೇ ಹೊರಗಿಡುತ್ತಾರೆ. ಔರಾದದ ವಿಮಾನದ ಬಾಲದಿಂದ ಉಳಿಸಿಕೊಂಡ ಗೇಣುದ್ದದ ತಗಡು, ಅದರ ಮೇಲೆ ಕಿತ್ತಳೆಗೆಂಪು ಇನ್ನೂ ಇದೆ. ಆ ಕೆಂಪಿಗೆ ಸರಿಹೊಂದುವವರೆಗೆ ಬೆರೆಸಿ ಬೆರೆಸಿ ನೋಡಿದ ಗುರುತಿಗೆ ಬಣ್ಣದ ಡಬ್ಬಿಗಳ ನಲವತ್ತು ಮುಚ್ಚಳ. ಕೊನೆಯ ಮುಚ್ಚಳವನ್ನು ತಗಡಿನ ಪಕ್ಕ ಹಿಡಿದರೆ ಯಾವುದು ಯಾವುದೆಂದು ಹೇಳಲಾಗದು. ಹಳೆಯ ಎಕ್ಸ್‌ರೇ ಹಾಳೆಗಳಲ್ಲಿ ಕತ್ತರಿಸಿದ ಅಕ್ಷರದ ಅಚ್ಚುಗಳು: ವಿಮಾನದ ನಂಬರು, ಇಲ್ಲಿ ಕಾಲಿಡಬೇಡಿ, ಇಲ್ಲಿ ಎತ್ತಿ ಎನ್ನುವ ಇಂಗ್ಲಿಷಿನ ಸಣ್ಣ ಬರಹಗಳು. ನರಸಿಂಗ ಅವರಿಗೆ ಇಂಗ್ಲಿಷ್ ಬಾರದು. ಚಿತ್ರ ನೋಡಿ ಬರೆದಂತೆ ಬರೆದುಕೊಂಡು ಕತ್ತರಿಸಿದ್ದಾರೆ, ಮಗಳು ಆಮ್ರಪಾಲಿ ಓದಿ ತಪ್ಪು ತಿದ್ದಿದ್ದಾರೆ.

ಔರಾದದ್ದು ಹೋಯಿತು. ಬೀದರದ್ದಕ್ಕಾದರೂ ಒಮ್ಮೆ ಸರಿಯಾದ ಬಣ್ಣವನ್ನು ತಮ್ಮ ಕೈಯಿಂದ ಹಚ್ಚಬೇಕು, ತೂತುಗಳನ್ನು ಬಿಟ್ಟು ಹಚ್ಚಬೇಕು. ಟ್ರಂಕು ತುಂಬಿದ್ದು ಇದಕ್ಕಾಗಿ. ಆಮ್ರಪಾಲಿ ಈಗ ಭಾಲ್ಕಿ ತಾಲ್ಲೂಕಿನ ಮೆಹಕರದಲ್ಲಿ ಸರ್ಕಾರಿ ಶಾಲೆಯ ಶಿಕ್ಷಕಿ. ತಂದೆಯ ಪರವಾಗಿ ಅವರು ಏಳು ಅರ್ಜಿ ಬರೆದಿದ್ದಾರೆ. ಸಂಬಳ ಬೇಡ, ಬಣ್ಣವೂ ನಮ್ಮದೇ, ಪರವಾನಗಿ ಒಂದು ಕೊಡಿ ಎಂದು. ಒಂದಕ್ಕೂ ಉತ್ತರ ಬರಲಿಲ್ಲ. ಆದರೆ ಅರ್ಜಿಗಳು ಎಲ್ಲಿಯೋ ಒಂದು ಫೈಲಿನಲ್ಲಿ ಕೂತಿದ್ದವು.

ಈ ಬೇಸಿಗೆಯಲ್ಲಿ ಉದ್ಯಾನವನ್ನು ಚಂದ ಮಾಡಲು ಒಂದು ಸಮಿತಿಯಾಯಿತು. ವಿಮಾನದ ಕೆಲಸ ಭಾಲ್ಕಿಯ ದಿಲೀಪ ಅನ್ನುವ ಗುತ್ತಿಗೆದಾರನಿಗೆ ಹೋಯಿತು. ದಿಲೀಪನಿಗೆ ಮೂವತ್ತೈದರ ವಯಸ್ಸು. ಭಾಲ್ಕಿಯಲ್ಲಿ ಬೋರ್ಡು ಬರೆಯುವ, ವಾಹನಗಳಿಗೆ ಬಣ್ಣ ಹಾಕುವ ಅಂಗಡಿ ಇದೆ. ಕೆಟ್ಟ ಮನುಷ್ಯನಲ್ಲ, ಕೆಲಸದಲ್ಲಿ ಕಳ್ಳತನವೂ ಇಲ್ಲ. ಒಂದು ಬೆಳಗ್ಗೆ ನರಸಿಂಗ ಅವರು ಗೋಣಿಚೀಲದೊಡನೆ ಬಂದಾಗ ವಿಮಾನದ ಕೆಳಗೆ ಆಗಲೇ ದಿಲೀಪನ ಇಬ್ಬರು ಕೆಲಸಗಾರರು ಮಲಗಿದ್ದರು. ಅವರ ಕೈಯಲ್ಲಿ ಲಪ್ಪಂ ಇತ್ತು. ಮೂಗಿನ ಮೇಲೆ ಸುಣ್ಣದ ಗೆರೆಯಲ್ಲಿ ಹಲ್ಲುಗಳು ಮೂಡಿದ್ದವು.

ಅವತ್ತಿನ ಮಾತನ್ನು ನರಸಿಂಗ ಹೇಳುತ್ತಾರೆ, ನಡುವೆ ಕಲೀಮ ಸೇರಿಸುತ್ತಾನೆ. ದಿಲೀಪನೂ ಭಾಲ್ಕಿಯ ತನ್ನ ಅಂಗಡಿಯಲ್ಲಿ ಕೂತು ಅದನ್ನು ಅಲ್ಲಗಳೆಯುವುದಿಲ್ಲ.

"ಇದು ಮಾಸ್ತರ್ ಜಹಾಜ, ತಮ್ಮಾ" ಅಂದರು ನರಸಿಂಗ. "ಹುಡುಗರಿಗಿ ಹಾರೂದು ಕಲಿಸಿದ್ದು. ಬಿಳಿ ಅಂಗಿ ಹಾಕಬೇಕು ಅದಕ್ಕ. ಮಾಸ್ತರಗ ಯಾಕ ಈ ಕ್ವಾರಿ ಹಲ್ಲು?"

"ನಮ್ಮ ಸಾಲಿ ಮಾಸ್ತರಗ ನೀವು ನೋಡಿಲ್ರಿ ಕಾಕಾ" ಅಂದ ದಿಲೀಪ. ಕೆಲಸಗಾರರು ನಕ್ಕರು. "ಮಂದಿ ಫೋಟೋ ತೆಗಸ್ಕೊಳ್ಳಾಕ ಬರ್ತಾರ. ಬಿಳಿ ಹಚ್ಚಿದ್ರ ಹಾಲಿನ ಕ್ಯಾನ್ ಅಂತಾರ. ಸಮಿತಿಯವರಿಗಿ ಯುದ್ಧದ ಜಹಾಜದಂಗ ಕಾಣಬೇಕಾಗ್ಯಾದ."

"ಹಲ್ಲು ಹೋಗಲಿ. ತೂತರೆ ಬಿಡು. ನೀರು ಹೋಗೂ ತೂತು ಅವು."

"ತೂತು ಬಿಟ್ಟರ ಕೆಲಸ ಕಚ್ಚಾ ಕಾಣ್ತದ್ರಿ ಕಾಕಾ. ನಾಳಿ ಇಂಜಿನಿಯರ್ ಬಂದು ಕೈಯಾಡಿಸಿ ನೋಡಿದ್ರ ಏನು ಹೇಳಲಿ?"

ಇಪ್ಪತ್ತಾರು ವರ್ಷದ ಹಿಂದೆ ಔರಾದದಲ್ಲಿ ಯಾರಾದರೂ ಕೇಳಿದ್ದರೆ ನರಸಿಂಗ ಅವರೂ ಇದೇ ಉತ್ತರ ಕೊಡುತ್ತಿದ್ದರು. "ಅದಕ್ಕೇ ಸಿಟ್ಟು ಬರಲಿಲ್ರಿ" ಅನ್ನುತ್ತಾರೆ. "ಸಿಟ್ಟು ಬಂದಿದ್ದರ ಚೊಲೊ ಇತ್ತು."

ಆಗ ದಿಲೀಪ ಜೇಬಿನಿಂದ ಒಂದು ಕಾಗದ ತೆಗೆದ. ಹಚ್ಚುವ ಬಣ್ಣ ಮೂಲದಂತೆಯೇ ಇದೆ ಎಂದು, ವಿಷಯ ಬಲ್ಲವರೊಬ್ಬರು ಸಹಿ ಮಾಡಿ ಕೊಡಬೇಕು ಎಂದು ಸಮಿತಿ ಕೇಳಿತ್ತು. ಫೈಲಿನಲ್ಲಿದ್ದ ಏಳು ಅರ್ಜಿ ನೋಡಿ, ಈ ಅರ್ಜಿದಾರರಿಂದಲೇ ಪಡೆಯಿರಿ ಎಂದು ಯಾರೋ ಅಂಚಿನಲ್ಲಿ ಬರೆದಿದ್ದರು.

"ನೀವು ಇದರ ಮ್ಯಾಲ ಸಹಿ ಹಾಕ್ರಿ ಕಾಕಾ, ನಾ ನಿಮ್ಮ ತೂತು ಬಿಡ್ತೇನಿ. ಹನ್ನೊಂದಕ್ಕ ಹನ್ನೊಂದು. ಇಂಜಿನಿಯರಗ ನಾ ಹೇಳ್ಕೋತೇನಿ. ನೀವು ಹಾಕಿಲ್ಲಂದ್ರ ಬ್ಯಾರೆ ಯಾರೋ ಹಾಕ್ತಾರ, ಸಹಿ ಏನು ನಿಲ್ಲಂಗಿಲ್ಲ. ತೂತು ಉಳಿಯಂಗಿಲ್ಲ ಅಷ್ಟೇ."

ನರಸಿಂಗ ಅವರು ಕಟ್ಟೆಯ ಮೇಲೆ ಕೂತರು. ಕಲೀಮ ಹೇಳುವ ಪ್ರಕಾರ ಅರ್ಧ ತಾಸು ಕೂತರು. ಕೆಲಸಗಾರರು ಲಪ್ಪಂ ಗಟ್ಟಿಯಾಗುತ್ತದೆ ಅಂತ ಗೊಣಗಿದರು. ಆಮೇಲೆ ಅವರು ಕಾಗದವನ್ನು ತೊಡೆಯ ಮೇಲಿಟ್ಟುಕೊಂಡು ಸಹಿ ಮಾಡಿದರು.

ದಿಲೀಪ ಮಾತಿಗೆ ತಪ್ಪಲಿಲ್ಲ. ಹನ್ನೊಂದು ತೂತಿಗೂ ಬೆಂಕಿಕಡ್ಡಿ ಸಿಕ್ಕಿಸಿಟ್ಟು, ಬಣ್ಣ ಒಣಗಿದ ಮೇಲೆ ಕಿತ್ತ. ಗೌರವ ಮಾಡಿದಂತೆ ಆಗಲಿ ಎಂದು ಫಲಕದ ಮೇಲೆ ನರಸಿಂಗ ಅವರ ಹೆಸರು ಬರೆಸಿದ್ದೂ ಅವನೇ. "ಕಾಕಾಗ ಖುಷಿ ಆಗ್ತದ ಅಂದ್ಕೊಂಡೆ. ಅಷ್ಟು ವರ್ಷ ಮಾಡ್ಯಾರ, ಒಂದು ಹೆಸರು ಬ್ಯಾಡೇನ್ರಿ?" ಅನ್ನುತ್ತಾನೆ ಅವನು, ನಿಜವಾಗಿಯೂ ಅರ್ಥವಾಗದೆ.

ಮೇ ತಿಂಗಳಲ್ಲಿ ಉದ್ಘಾಟನೆಯಾಯಿತು. ನರಸಿಂಗ ಅವರಿಗೆ ಶಾಲು ಹೊದಿಸಿದರು. ವಾಯುಪಡೆಯಿಂದ ನಿವೃತ್ತರಾದ ಒಬ್ಬರು ಮೊಮ್ಮಕ್ಕಳೊಡನೆ ಬಂದಿದ್ದರು. ಹಸಿರು ಹೊರಗಿರುವ ಚಕ್ರ ನೋಡಿದರು, ಹಲ್ಲು ನೋಡಿದರು, ಪೈಲಟ್‌ನ ಕಣ್ಣಿಗೆ ಹೊಡೆಯುವಂತೆ ಹೊಳೆಯುವ ಮೂಗು ನೋಡಿದರು. ಕೆಳಗೆ ಬಗ್ಗಿ ಫಲಕ ಓದಿದರು. ಎರಡೇ ದಿನಕ್ಕೆ ಫಲಕದ ಫೋಟೋ ಮೊಬೈಲಿನಿಂದ ಮೊಬೈಲಿಗೆ ಹರಿದಾಡಿತು. ಜೊತೆಗೊಂದು ಸಾಲು: ಈ ನರಸಿಂಗ ಕಾಂಬಳೆ ಎಂಬ ಮಹಾಪಂಡಿತರು ವಿಮಾನವನ್ನು ಎಂದಾದರೂ ಕಣ್ಣಲ್ಲಿ ನೋಡಿದ್ದಾರೆಯೇ?

ಅದು ಆಮ್ರಪಾಲಿಯ ಶಾಲೆಯ ಗುಂಪಿಗೂ ಬಂತು. ಆ ಶನಿವಾರ ಅವರು ಮೆಹಕರದಿಂದ ಬಸ್ಸು ಹಿಡಿದು ತವರಿಗೆ ಬಂದು ತಂದೆಗೆ ಹೇಳಿದ್ದು ಒಂದೇ ಮಾತು: "ಏಳು ಕಾಗದ ನನ್ನ ಕಡಿಂದ ಖರೇ ಬರಸಿದಿ. ಎಂಟನೇದ್ದು ನೀನೇ ಸುಳ್ಳು ಬರದಿ." ಆಮೇಲೆ ತಂದೆ ಮಗಳ ನಡುವೆ ಟ್ರಂಕಿನ ಮಾತು ಬಂದಿಲ್ಲ.

"ಆಕಿ ಅಂದದ್ದು ಖರೇ ಅದ. ಆ ಫೌಜಿ ಸಾಹೇಬ್ರು ಬೈದದ್ದೂ ಖರೇ ಅದ" ಅನ್ನುತ್ತಾರೆ ನರಸಿಂಗ. "ಬಣ್ಣ ತಪ್ಪೇ ಅದ. ತಪ್ಪು ಅಂತ ಗೊತ್ತಿದ್ದೇ ಸಹಿ ಹಾಕಿನಿ. ಬಣ್ಣ ತಪ್ಪಿದ್ರ ನಾಳಿ ತಿಳದವ ಒಬ್ಬ ಬಂದು ಕೆರದು ಸರಿ ಹಚ್ತಾನ. ಲೋಹನೇ ಹೋದ್ರ ಯಾತಕ್ಕ ಹಚ್ತಾನ್ರಿ?"

ಕಡ್ಡಿಯನ್ನು ಅಂಗಿಗೆ ಒರೆಸಿಕೊಂಡು ಸೇರಿಸುತ್ತಾರೆ: "ಆ ಒಬ್ಬ ನಾ ಆಗಬೇಕಿತ್ತು. ಇನ್ನ ಆಗಂಗಿಲ್ಲ. ಈ ಬಣ್ಣ ಹತ್ತು ವರ್ಷ ಹೋಗಂಗಿಲ್ಲ. ದಿಲೀಪ ಚೊಲೊ ಮಾಲೇ ಹಚ್ಚ್ಯಾನ."

ಉದ್ಯಾನದಲ್ಲಿ ಬಿಸಿಲು ಏರುತ್ತಿದೆ. 'ವಾಕಿಂಗ್'ಗೆ ಬಂದ ಇಬ್ಬರು ಹಲ್ಲಿನ ಮುಂದೆ ನಿಂತು ಫೋಟೋ ತೆಗೆದುಕೊಳ್ಳುತ್ತಾರೆ. ಅವರು ಹೋದ ಮೇಲೆ ನರಸಿಂಗ ಅವರು ಮತ್ತೆ ಕೆಳಗೆ ಜರುಗಿ, ಕಣ್ಣು ಮುಚ್ಚಿ, ಬಾಲದ ಕಡೆಯಿಂದ ಮೂಗಿನ ಕಡೆಗೆ ಅಂಗೈ ಆಡಿಸುತ್ತಾ ಬರುತ್ತಾರೆ. ಇದು ದಿನದ ಕೊನೆಯ ಪರೀಕ್ಷೆ. ಉಸ್ತಾದರು ಕಲಿಸಿದ್ದೇ, ಲೆಕ್ಕ ಮಾತ್ರ ತಿರುವುಮುರುವು. ಈಗ ಅಂಗೈ ತಡೆಯಬೇಕು, ಹನ್ನೊಂದು ಕಡೆ ತಡೆಯಬೇಕು. ತಡೆಯುತ್ತದೆ.

ಇವರ ಬಗ್ಗೆ ಪತ್ರಿಕೆಯಲ್ಲಿ ಬರೆಯುತ್ತೇವೆ ಎಂದಾಗ ನರಸಿಂಗ ಅವರು ಬೇಡ ಅನ್ನಲಿಲ್ಲ. ಕೇಳಿದ್ದು ಎರಡೇ.

"ಒಂದು, ಈ ಬೋರ್ಡಿನ ಮ್ಯಾಲಿಂದ ನನ್ನ ಹೆಸರು ತೆಗೀಲಿ. ಈ ಬಣ್ಣ ನಂದಲ್ಲ. ಎರಡು, ಔರಾದದ್ದು ಬರೀರಿ. ಅಲ್ಲಿ ಈಗ ಜಹಾಜೂ ಇಲ್ಲ, ಬೋರ್ಡೂ ಇಲ್ಲ. ಹುಡುಗರು ಹಾಳ್ಮಾಡಿದರು ಅಂತ ಮಂದಿ ಇನ್ನೂ ಅಂತಾರ. ಹುಡುಗರದ್ದೇನು ತಪ್ಪಿಲ್ಲ. ಮಾಡಿದವ ಯಾರು ಅಂತ ಹೆಸರು ಹಾಕಿ ಬರೀರಿ. ಓದಿದ ಪೇಂಟರ್ ಒಬ್ಬನರೆ ತೂತು ಕಂಡು ಕೈ ತಡೀತಾನ. ಪೂರಾ ಹೆಸರು ಹಾಕ್ರಿ. ಅಪ್ಪಂದು ಸೇರಿಸಿ."

ಔರಾದದ ವಿಮಾನದ ಹನ್ನೊಂದು ತೂತುಗಳನ್ನು ಮುಚ್ಚಿದವರು ನರಸಿಂಗ ಧೋಂಡಿಬಾ ಕಾಂಬಳೆ, ಜನವಾಡ.

ಬೀದರದ ವಿಮಾನದ ಹನ್ನೊಂದು ತೂತುಗಳನ್ನು ಹದಿನೇಳು ಮಳೆಗಾಲ ತೆರೆದಿಟ್ಟವರೂ ಅವರೇ. ಈ ಎರಡನೆಯ ಸಾಲನ್ನು ಬರೆಯಲು ಅವರು ಹೇಳಿಲ್ಲ.